ಪ್ರತಿಕ್ರಿಯೆ: ಅಸಮತೆಯಲ್ಲಿ ಛೇದದಿಂದ ಗುಣಿಸಬಹುದೇ?

ತೀರ್ಥಹಳ್ಳಿಯಲ್ಲಿ ಕನ್ನಡ ಮಾಧ್ಯಮ ಮುಗಿಸಿ ಶಿವಮೊಗ್ಗದಲ್ಲಿ ಪಿಯುಸಿ ಸೈನ್ಸ್ ಸೇರಿದ್ದೀರಿ. (2ಎಕ್ಸ್ + 1)/(ಎಕ್ಸ್ − 3) ≥ 1 ಲೆಕ್ಕಕ್ಕೆ ಎಕ್ಸ್ ≥ −4 ಅನ್ನೋ ಉತ್ತರ ಯಾಕೆ ತಪ್ಪು ಅಂತ ಕೇಳಿದ್ದೀರಿ. ಎಕ್ಸ್ = 0 ಹಾಕಿ ನೋಡಿ: −1/3 ಬರುತ್ತೆ, 1ಕ್ಕಿಂತ ಕಮ್ಮಿ. ನೀವು ಎರಡೂ ಕಡೆ (ಎಕ್ಸ್ − 3)ರಿಂದ ಗುಣಿಸಿದ್ದೀರಿ. ಸಮೀಕರಣದಲ್ಲಿ ಇದು ನಡೆಯುತ್ತೆ, ಅಸಮತೆಯಲ್ಲಿ (≥ ತರಹದ ಚಿಹ್ನೆ ಇರುವಲ್ಲಿ) ನಡೆಯಲ್ಲ. (ಎಕ್ಸ್ − 3) ಋಣವಾಗಿದ್ದರೆ ಚಿಹ್ನೆ ತಿರುಗಬೇಕು, ಋಣವೋ ಧನವೋ ಇನ್ನೂ ಗೊತ್ತೇ ಇಲ್ಲವಲ್ಲ.

1ನ್ನು ಎಡಕ್ಕೆ ತಂದು ಸಾಮಾನ್ಯ ಛೇದ ಮಾಡಿ: (ಎಕ್ಸ್ + 4)/(ಎಕ್ಸ್ − 3) ≥ 0. ಸಂಖ್ಯಾರೇಖೆಯಲ್ಲಿ ಅಂಶ ಸೊನ್ನೆಯಾಗುವ −4 ಮತ್ತು ಛೇದ ಸೊನ್ನೆಯಾಗುವ 3 ಗುರುತಿಸಿ. −5 ಹಾಕಿದರೆ ಧನ, 0 ಹಾಕಿದರೆ ಋಣ, 4 ಹಾಕಿದರೆ ಧನ. ಉತ್ತರ: ಎಕ್ಸ್ ≤ −4 ಅಥವಾ ಎಕ್ಸ್ > 3. ದಯವಿಟ್ಟು 3ನ್ನು ಸೇರಿಸಬೇಡಿ, ಅಲ್ಲಿ ಛೇದ ಸೊನ್ನೆಯಾಗುತ್ತೆ.