ರಾಯಚೂರಿನಲ್ಲಿ ಕೂತು ಒಬ್ಬರೇ ಬ್ರೌಸರ್ ಎಕ್ಸ್‌ಟೆನ್ಶನ್ ಮಾಡಬಹುದಾ? ಖರ್ಚೆಷ್ಟು?

ಖಂಡಿತ ಮಾಡಬಹುದು. ಎಕ್ಸ್‌ಟೆನ್ಶನ್ ಅಂದರೆ ಬ್ರೌಸರ್‌ಗೆ ಹೊಸ ಸೌಲಭ್ಯ ಸೇರಿಸುವ ಸಣ್ಣ ಪ್ರೋಗ್ರಾಂ. ಖರ್ಚು ಅಂದರೆ ಕ್ರೋಮ್ ವೆಬ್ ಸ್ಟೋರ್‌ಗೆ ಒಂದೇ ಸಲ ಕಟ್ಟುವ 5 ಡಾಲರ್. ಫೈರ್‌ಫಾಕ್ಸ್‌ಗೆ ಅದೂ ಇಲ್ಲ.

ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಗೊತ್ತಿದ್ದರೆ ಸಾಕು. ಮ್ಯಾನಿಫೆಸ್ಟ್ ಅನ್ನೋ ಜೇಸನ್ ಫೈಲಿನಲ್ಲಿ ಹೆಸರು, ಆವೃತ್ತಿ, ಬೇಕಾದ ಅನುಮತಿಗಳನ್ನು ಬರೆಯಬೇಕು. ಡೆವಲಪರ್ ಮೋಡ್ ಆನ್ ಮಾಡಿ ಫೋಲ್ಡರ್ ಲೋಡ್ ಮಾಡಿದರೆ ನಿಮ್ಮ ಕ್ರೋಮ್‌ನಲ್ಲಿ ಆಗಲೇ ಓಡುತ್ತದೆ.

ನಾನು ಮೊದಲು ಮಾಡಿದ್ದು ಹತ್ತಿ ದರದ ಪುಟದಲ್ಲಿ ಕ್ವಿಂಟಲ್ ರೇಟಿನ ಪಕ್ಕ ಕೆಜಿ ರೇಟು ತೋರಿಸುವ ಸಣ್ಣ ಎಕ್ಸ್‌ಟೆನ್ಶನ್. ಅಪ್ಪನಿಗೆ ತೋರಿಸಿದೆ. ‘ಹತ್ತಿ ಕೆಜಿಗೆ 7 ಪೈಸೆನಾ?’ ಅಂದರು. ಪುಟದಲ್ಲಿ ಇದ್ದದ್ದು ‘7,500’. ಅಕ್ಷರ ರೂಪದ ಸಂಖ್ಯೆಯನ್ನು ಲೆಕ್ಕಕ್ಕೆ ಬರುವ ಸಂಖ್ಯೆಯಾಗಿಸುವ ಜಾವಾಸ್ಕ್ರಿಪ್ಟ್ ಫಂಕ್ಷನ್ ಪಾರ್ಸ್‌ಫ್ಲೋಟ್ ಕಾಮಾ ಸಿಕ್ಕ ಕೂಡಲೇ ಓದೋದು ನಿಲ್ಲಿಸಿ ಬರೀ 7 ಕೊಟ್ಟಿತ್ತು. ಕಾಮಾ ತೆಗೆದ ಮೇಲೆ 75 ರೂಪಾಯಿ ಬಂತು.

ಜಾಸ್ತಿ ತಲೆ ತಿನ್ನುವುದು ಸರ್ವಿಸ್ ವರ್ಕರ್, ಅಂದರೆ ಹಿನ್ನೆಲೆಯಲ್ಲಿ ಓಡುವ ಎಕ್ಸ್‌ಟೆನ್ಶನ್‌ನ ಭಾಗ. 30 ಸೆಕೆಂಡ್ ಕೆಲಸವಿಲ್ಲದಿದ್ದರೆ ಕ್ರೋಮ್ ಅದನ್ನು ನಿಲ್ಲಿಸಿಬಿಡುತ್ತದೆ. ವೇರಿಯಬಲ್‌ನಲ್ಲಿ ಇಟ್ಟದ್ದೆಲ್ಲ ಮಾಯ. (ಶಕ್ತಿನಗರದ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದ್ದರೂ ನಮ್ಮನೇಲಿ ಕರೆಂಟ್ ಹೋಗುತ್ತಲ್ವಾ, ಹಾಗೆ!) ಉಳಿಯಬೇಕಾದ್ದನ್ನು ಬ್ರೌಸರ್‌ನಲ್ಲೇ ಮಾಹಿತಿ ಉಳಿಸಿಡುವ ಸ್ಟೋರೇಜ್ ಎಪಿಐಗೆ ಹಾಕಿ.

ಅನುಮತಿ ಕೇಳುವಾಗ ಮಾತ್ರ ಆಸೆ ಬೇಡ. ಸುಮ್ನೆ ‘ಎಲ್ಲ ಸೈಟ್’ ಅಂತ ಬರೆದರೆ ಸ್ಟೋರ್‌ನವರ ಪರಿಶೀಲನೆ ತಡವಾಗಬಹುದು, ಇನ್‌ಸ್ಟಾಲ್ ಮಾಡುವವರಿಗೂ ಹೆದರಿಸುವಂಥ ಎಚ್ಚರಿಕೆ ಕಾಣುತ್ತದೆ. ಒಂದೇ ಸೈಟ್ ಸಾಕಾದರೆ ಅದರ ವಿಳಾಸ ಮಾತ್ರ ಕೊಡಿ.

ದುಡ್ಡು ತಗೊಳ್ಳೋದಾದರೆ ಕ್ರೋಮ್ ಸ್ಟೋರ್‌ನಲ್ಲಿ ಈಗ ಪೇಮೆಂಟ್ ವ್ಯವಸ್ಥೆ ಇಲ್ಲ. ಬೇರೆ ಪೇಮೆಂಟ್ ಗೇಟ್‌ವೇ (ಆನ್‌ಲೈನ್‌ನಲ್ಲಿ ಹಣ ಪಡೆಯುವ ಸೇವೆ) ನೀವೇ ಜೋಡಿಸಿಕೊಳ್ಳಬೇಕು.