ಚರ್ಚಿನೊಳಗೆ ಬಿಯರ್ ಹಂಡೆ

ಪ್ರಶ್ನೆ: ಆಮ್‌ಸ್ಟರ್‌ಡ್ಯಾಮ್‌ನಲ್ಲಿರುವ ಮಗನ ಮನೆಗೆ ಹೊರಟಿದ್ದೇನೆ. ಪಕ್ಕದ ಹಾರ್ಲೆಮ್‌ನಲ್ಲಿ ಹಳೆಯ ಚರ್ಚಿನೊಳಗೆ ಬಿಯರ್ ಮಾಡುತ್ತಾರಂತೆ, ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ನಾನು ಕುಡಿಯುವವಳಲ್ಲ. ಹೋಗಲೇ?
– ಒಬ್ಬ ತಾಯಿ, ಹಾಸನ

ಉತ್ತರ: ಖಂಡಿತ ಹೋಗಿ ತಾಯಿ. ಅದು ಹಳೆಯ ಚರ್ಚಿನಲ್ಲಿ 2010ರಲ್ಲಿ ತೆರೆದ ಯೋಪನ್‌ಕೆರ್ಕ್ ಎಂಬ ಬಿಯರ್ ಮನೆ. ಬಣ್ಣದ ಗಾಜಿನ ಕಿಟಕಿ, ಎತ್ತರದ ಚಾವಣಿ ಹಾಗೇ ಇವೆ. ಬಿಯರ್ ಕುದಿಸುವ ಹಂಡೆಗಳು ಕೂತಲ್ಲಿಂದಲೇ ಕಾಣುತ್ತವೆ. ಮಗನಿಗೆ ‘ಕೊಯ್ಟ್’ ಎಂಬ ಬಿಯರ್ ತರಿಸಲು ಹೇಳಿ, ನೀವು ಬರೀ ಮೂಸಿ ನೋಡಿ. 1407ರ ಹಾರ್ಲೆಮ್ ಪಾಕವಿಧಾನವನ್ನು ಆಧರಿಸಿದ್ದು ಅದು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಬಳಕೆ ಹೆಚ್ಚುವ ಮುಂಚೆ ಹಾಕುತ್ತಿದ್ದ ಸೊಪ್ಪುಗಳ ಘಮ ಅದರಲ್ಲಿದೆ. ಆಗೆಲ್ಲ ಈ ಊರಿನ ಬಿಯರ್ ‘ಯೋಪನ್’ ಎಂಬ 112 ಲೀಟರಿನ ಪೀಪಾಯಿಗಳಲ್ಲಿ ಹೋಗುತ್ತಿತ್ತು, ಈ ಜಾಗದ ಹೆಸರು ಬಂದದ್ದೂ ಅದರಿಂದಲೇ. ಹಳೆಯ ಕಟ್ಟಡವನ್ನು ಕೆಡವದೆ ಹೀಗೆ ಉಳಿಸಿಕೊಂಡಿದ್ದು ನನಗೆ ತುಂಬಾ ಹಿಡಿಸಿದೆ. ಊಟವೂ ಅಲ್ಲೇ ಸಿಗುತ್ತದೆ. ಸಸ್ಯಾಹಾರಿಯಾದರೆ ಮಗ ಮೊದಲೇ ಮೆನು ನೋಡಿಟ್ಟಿರಲಿ.