ಮಕ್ಕಳಿಗೆ ನಿಜವಾಗ್ಲೂ ಅರ್ಥ ಆಗಿದ್ಯಾ ಅಂತ ನೋಡೋಕೆ

ಮೇಡಂ, ನಾಲ್ಕನೇ ಕ್ಲಾಸ್ ಮಕ್ಕಳು ಸಾಂದ್ರೀಕರಣ (ಆವಿ ತಣ್ಣಗಾಗಿ ನೀರಾಗೋದು) ಅಂದ್ರೆ ಏನು ಅಂತ ಉರು ಹೊಡೆದು ಹೇಳ್ತಾರೆ, ಅರ್ಥ ಆಗಿದ್ಯೋ ಇಲ್ವೋ ಹೇಗೆ ಟೆಸ್ಟ್ ಮಾಡ್ಲಿ ಅಂತ ಕೇಳಿದ್ರಲ್ಲ, ಒಂದು ಸ್ಟೀಲ್ ಲೋಟಕ್ಕೆ ಬೀಟ್‌ರೂಟ್ ಬಣ್ಣದ ನೀರು, ಐಸ್ ಹಾಕಿ (ಪೂರ್ತಿ ತುಂಬಿಸ್ಬೇಡಿ, ಚೆಲ್ಲಿದ್ರೆ ಕತೆ ಮುಗೀತು), ಹೊರಗಡೆ ಕೂರೋ ಹನಿ ಯಾವ ಬಣ್ಣ ಇರತ್ತೆ, ಯಾಕೆ ಅಂತ ಮೊದ್ಲೇ ಬರೆಸ್ಕೊಳ್ಳಿ, ಆಮೇಲೆ ತೋರಿಸಿ. ಕೆಂಪು ಅಂದ ಮಗು ಲೋಟ ಸೋರತ್ತೆ ಅಂದ್ಕೊಂಡಿರತ್ತೆ, ಡೆಫಿನಿಷನ್ ಎಷ್ಟೇ ಚೆನ್ನಾಗಿ ಬರೆದಿದ್ರೂ. ಬಣ್ಣ ಇರಲ್ಲ ಅಂದವ್ರನ್ನೂ ಸುಮ್ನೆ ಬಿಡ್ಬೇಡಿ, ಹಾಗಾದ್ರೆ ನೀರು ಎಲ್ಲಿಂದ ಬಂತು ಅಂತ ಕೇಳಿ. "ಐಸ್ ತಣ್ಣಗಿದೆ ಅದಕ್ಕೆ" ಅನ್ನೋದು ಅರ್ಧ ಉತ್ತರ, ಗಾಳಿಲಿರೋ ನೀರಾವಿ ಅನ್ನೋ ವಿಷ್ಯ ಬಾಯಿಂದ ಬರ್ಬೇಕು. ಮಾರ್ಕ್ಸ್ ಮಾತ್ರ ಕೊಡ್ಬೇಡಿ, ಕೊಟ್ರೆ ಪಕ್ಕದವರದ್ದು ಕಾಪಿ ಹೊಡೀತಾರೆ. ಒಣ ಹವೆ ಇದ್ರೆ ಹನಿ ಸರಿಯಾಗಿ ಕೂರಲ್ಲ, ಮಳೆಗಾಲದಲ್ಲಿ ಮಾಡಿದ್ರೆ ಒಳ್ಳೇದು.